ಕಣ್ಣೊಳಗಿನ ಗೊಂಬೆ

ಗಡಹಿಂಗ್ಲಜ, ೬ ಜನವರಿ ೧೯೩೮

ಇವತ್ತೂ ಇಂಗ್ಲಿಷ್ ಪಾಠವನ್ನು ಬಾಯಿಪಾಠದಿಂದಲೇ ಮಾಡಿ ಮುಗಿಸಿದೆ. ಪುಸ್ತಕ ಸುಮ್ಮನೆ ಕೈಯಲ್ಲಿತ್ತು. ಅಕ್ಷರ ಕಾಣುವುದಿಲ್ಲ—ಎಲ್ಲ ಮಜ್ಜಿಗೆಯಲ್ಲಿ ಅದ್ದಿದ ಹಾಗೆ. ಇದನ್ನೂ ಅಂದಾಜಿನಿಂದ, ದಪ್ಪಕ್ಷರದಲ್ಲಿ ಗೀಚುತ್ತಿರುವೆ. ಹೆಡ್ಮಾಸ್ತರರಿಗೆ ಗೊತ್ತಾದರೆ ನೌಕರಿ ಹೋದಂತೆ. ಹೆಂಡತಿ ರಾಜಮತಿಗೂ ಪೂರ್ತಿ ಹೇಳಿಲ್ಲ.

ಕೊಲ್ಲಾಪುರ, ೧೯ ಜನವರಿ

ಒಲೆಯ ಮೇಲಿನ ಬಿಸಿ ಪಾತ್ರೆಗೆ ಕೈ ತಾಗಿಸಿಕೊಂಡೆ. ರಾಜಮತಿಗೆ ಎಲ್ಲ ತಿಳಿಯಿತು. ಬೈಯಲಿಲ್ಲ. ರಜೆ ಹಾಕಿಸಿ ಇಲ್ಲಿಗೆ ಕರೆತಂದಳು.

ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಪ್ಯೂಪಿಲ್ ಪೂರಾ ಬೆಳ್ಳಗಾಗಿದೆ, ಆಪರೇಶನ್ ಆಗಲೇಬೇಕು ಎಂದರು. ದೃಷ್ಟಿ ಬಂದೇ ಬರುತ್ತದೆಂಬ ಭರವಸೆ ಕೊಡಲಿಲ್ಲ.

ಪ್ಯೂಪಿಲ್... ವಿದ್ಯಾರ್ಥಿಗೂ ಅದೇ, ಕಣ್ಣಿನ ನಡುವಿನ ಕಪ್ಪಿಗೂ ಅದೇ. ಎರಡೂ ಅರ್ಥ ಕಲಿಸಿದ್ದೇನೆ. ಯಾಕೆ ಹಾಗೆಂದು ಒಮ್ಮೆಯೂ ಯೋಚಿಸಿರಲಿಲ್ಲ.

೨೦ ಜನವರಿ, ಸಂಜೆ

ಆಬಾಸಾಹೇಬ ಬಂದಿದ್ದ. ಕಾಲೇಜಿನ ಗೆಳೆಯ, ಈಗ ಇಲ್ಲೇ ವಕೀಲ. ಇಂಥ ಹೊತ್ತಿನಲ್ಲೂ ಶಬ್ದದ ಚಿಂತೆಯೇ ಎಂದು ನಕ್ಕ. ಆದರೂ ದೊಡ್ಡ ಡಿಕ್ಷನರಿ ಹೊತ್ತು ತಂದು ಓದಿ ಹೇಳಿದ. ಲ್ಯಾಟಿನ್ನಿನ ಪುಪಿಲ್ಲಾ—ಪುಟ್ಟ ಹುಡುಗಿ, ಪುಟ್ಟ ಗೊಂಬೆ. ಎದುರಿನವರ ಕಣ್ಣಲ್ಲಿ ನಮ್ಮದೇ ಸಣ್ಣ ರೂಪ ಕಾಣುತ್ತದಲ್ಲ, ಅದಕ್ಕೆ. ಶಾಲೆಯ ಪ್ಯೂಪಿಲ್ಲೂ ಅದೇ ಬೇರಿನದು. ಮೊದಲು ಆ ಶಬ್ದಕ್ಕೆ ಅನಾಥ ಮಗು, ಇನ್ನೊಬ್ಬರ ಆಸರೆಯಲ್ಲಿ ಬೆಳೆಯುವ ಮಗು ಎಂಬ ಅರ್ಥವಂತೆ.

ರಾಜಮತಿ ಇಚಲಕರಂಜಿಯವಳು, ಅರ್ಧ ಮರಾಠಿಯಲ್ಲೇ ಬೆಳೆದವಳು. "ನಾವೂ ಡೋಳ್ಯಾಚಿ ಬಾಹುಲಿ ಅಂತೇವಲ್ರಿ. ಡೋಳಾ ಅಂದ್ರ ಕಣ್ಣು, ಬಾಹುಲಿ ಅಂದ್ರ ಗೊಂಬಿನ," ಎಂದಳು.

ನಮ್ಮ ಕಣ್ಣಪಾಪೆಯೂ ಅದೇ ಅಲ್ಲವೇ, ಪಾಪೆ ಎಂದರೂ ಗೊಂಬೆಯೇ ಎಂದ ಆಬಾಸಾಹೇಬ. ಮೂವರೂ ಹುಡುಗರಂತೆ ಖುಷಿಪಟ್ಟೆವು.

೨೧ ಜನವರಿ

ನಾಳೆ ಆಪರೇಶನ್. ಬೆಳಗಿನಿಂದ ನನ್ನ ಹುಟ್ಟೂರು ದಾನೋಳಿಯೇ ನೆನಪು. ಅಪ್ಪ ತೀರಿಕೊಂಡ ವರ್ಷ ನನಗೆ ಸಿಡುಬು. ಅವ್ವ ದಿನಾ ಬಾಗಿಲಿಗೆ ಎತ್ತಿಕೊಂಡು ಬಂದು, ಗದ್ದ ಹಿಡಿದು ಕಣ್ಣೊಳಗೆ ಇಣುಕುತ್ತಿದ್ದಳು. ಸೆರಗಿಗೆ ಆಲೆಮನೆಯ ಹೊಗೆ, ಬೆಲ್ಲದ ವಾಸನೆ.

"ನಾ ಅದೇನಿ ಒಳಗ," ಎನ್ನುತ್ತಿದ್ದಳು. ಹಾಗೆಂದು ನನ್ನನ್ನು ಮಲಗಿಸಿ ಹೊಲಕ್ಕೆ ಹೋಗುತ್ತಿದ್ದಳು.

ಆಟವೆಂದುಕೊಂಡಿದ್ದೆ. ಸಿಡುಬಿನಲ್ಲಿ ಕಣ್ಣು ಉಳಿದಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ಅವ್ವ ಹೋಗಿ ಎಷ್ಟೋ ವರ್ಷಗಳಾದವು... ಇವತ್ತು ತಿಳಿಯಿತು.

ಗಡಹಿಂಗ್ಲಜ, ೨ ಮಾರ್ಚ್

ದಪ್ಪ ಕನ್ನಡಕ ಬಂತು. ಬಾಗಿಲು, ಗೋಡೆ ಎಲ್ಲ ಡೊಂಕಾಗಿ ಕಾಣುತ್ತವೆ. ಕಾಣುತ್ತವೆ! ಸ್ವಲ್ಪವೇ ಬರೆಯಲು ಅಪ್ಪಣೆ. ಹೆಡ್ಮಾಸ್ತರರು ಬಂದು ಹೋದರು. ಅವರಿಗೆ ಮೊದಲೇ ಗೊತ್ತಿತ್ತಂತೆ, ಹುಡುಗರಿಗೂ. ಯಾರೂ ಬಾಯಿಬಿಟ್ಟಿರಲಿಲ್ಲ. ನನ್ನ ಕ್ಲಾಸು ನನಗೇ ಇದೆ.

ಪಟ್ಟಿ ಕಟ್ಟಿಕೊಂಡು ಅಲುಗದೆ ಮಲಗಿದ್ದಾಗ ರಾಜಮತಿ ಬರೀ ದನಿಯಾಗಿದ್ದಳು. ಇವತ್ತು ಎದುರಿಗೆ ನಿಂತಳು. ತಲೆ ಅರ್ಧಕ್ಕರ್ಧ ನರೆತಿದೆ. ಯಾವಾಗ ಇಷ್ಟಾಯಿತು ಎಂದು ಕೇಳಿದೆ.

"ಯಾರಿಗ ಗೊತ್ರಿ," ಎಂದಳು. "ನಿಮಗ ಕಾಣೂದು ನಿಂತಾಗಿಂದ ನಾನೂ ಕನ್ನಡಿ ನೋಡೂದು ಬಿಟ್ಟೇನಿ."

ಸಾಕು ಮಾಡಿ ಎಂದು ಪೆನ್ನಿಗೆ ಕೈ ಹಾಕುತ್ತಿದ್ದಾಳೆ. ಸೀರೆ ನೀಲಿ—ಕಂದು ಎಂದುಕೊಂಡಿದ್ದೆ. ನಗುವಾಗ ಈಗಲೂ ಅವಳು—