ತಲೆಬುಡವಿಲ್ಲದ ಫೋಟೋಗಳು

ಸುಲ್ತಾನ್ ಬತ್ತೇರಿ
೧೧ ಮಾರ್ಚ್ ೧೯೭೦

ಪ್ರೀತಿಯ ಅಕ್ಕಾ,

ಜಾರಿ ಬಿದ್ದ ಮೇಲೆ ಕಟ್ಟಿದ್ದ ಕೈಪಟ್ಟಿ ಬಿಚ್ಚಿದರೇ? ಬಿಚ್ಚಿದ್ದರೂ ಬಿಂದಿಗೆ ಎತ್ತಬೇಡ. ನೀನು ಎತ್ತಿಯೇ ಎತ್ತುತ್ತೀಯ ಅಂತ ಗೊತ್ತು, ಆದರೂ ಬರೆಯುತ್ತಿದ್ದೇನೆ. ಭಾವನ ಕೆಮ್ಮು ಹೇಗಿದೆ? ನಾನಿಲ್ಲಿ ಕ್ಷೇಮ ಅಂತ ಬರೆಯೋಣವೆಂದರೆ ಕೈ ಓಡುತ್ತಿಲ್ಲ. ಮೂರು ದಿನದಿಂದ ಸ್ಟುಡಿಯೋ ಬಾಗಿಲು ತೆಗೆದಿಲ್ಲ.

ಮೈಸೂರಿನ ಪ್ರದರ್ಶನಕ್ಕೆ ಹೊಳೆಯ ಬೆಳಕಿನ ಚಿತ್ರ ಕಳಿಸುತ್ತೇನೆ ಅಂದಿದ್ದೆನಲ್ಲ, ಅದಕ್ಕೆಂದೇ ಭಾನುವಾರ ಮತ್ತೆ ಬಾವಲಿ ಹೊಳೆಗೆ ಹೋದೆ. ಗದ್ದೆ ಕೂಲಿ ಮಾಡುವ ಮಾರನ್ ಜೊತೆಗಿದ್ದ. ಅವನಿಗೆ ಅಂದು ಗುಡಿಸಲಿಗೆ ಹುಲ್ಲು ಹೊದಿಸುವ ಕೆಲಸವಿತ್ತು; ನಾನೇ ಕಾಡಿ ಬೇಡಿ ಎಬ್ಬಿಸಿಕೊಂಡು ಹೋದೆ. ಎಂಟು ಗಂಟೆಗೆ ಬಿದಿರುಮೆಳೆ ದಾಟಿ ಬಿಸಿಲು ಹೊಳೆಗಿಳಿಯಿತು. ಮೊಣಕಾಲುದ್ದ ನೀರಿನಡಿ, ಮರಳಿನ ಮೇಲೆ ಬೆಳಕಿನ ಗೆರೆಗಳು ಬಲೆಯಂತೆ ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದವು. ಮಾರನ್ ಮೇಲ್ಗಡೆ ನಿಂತು ಕಾಲ್ಬೆರಳಿನಿಂದ ನೀರು ಮೀಟುತ್ತಿದ್ದ. "ಇಪ್ಪ ನೋಡಣ್ಣಾ, ಈಗ ಬಲೆ ಬಿಚ್ಚೋದು," ಅನ್ನುತ್ತಿದ್ದ. ಅವನು ಅಂದ ಗಳಿಗೆಗೇ ನಾನು ಗುಂಡಿ ಒತ್ತುತ್ತಿದ್ದೆ. ಹನ್ನೆರಡು ಚಿತ್ರ, ಅಕ್ಕಾ. ಒಂದಾದರೂ ಉಳಿದಿದ್ದರೆ!

ಹಿಂತಿರುಗುವಾಗ ಪೊಲೀಸ್ ಜೀಪು ಅಡ್ಡ ಬಂತು. ನಕ್ಸಲರು ಜಮೀನುದಾರನೊಬ್ಬನ ಕಣಜ ಒಡೆದಂದಿನಿಂದ ಕಾಡಿನೊಳಗಿಂದ ಯಾರು ಬಂದರೂ ಇವರಿಗೆ ನಕ್ಸಲರೇ. ಇನ್ಸ್‌ಪೆಕ್ಟರ್ ನನ್ನ ಚೀಲದಲ್ಲಿದ್ದ ಇದೇ ಹೊಳೆಯ ಹಳೆಯ ಪ್ರಿಂಟುಗಳನ್ನು ಜೀಪಿನ ಬಾನೆಟ್ ಮೇಲೆ ಹರಡಿದ. ಆಳಿಲ್ಲ, ಮರವಿಲ್ಲ, ಇದು ಕಾಡುದಾರಿಯ ನಕ್ಷೆ ತಾನೇ ಅಂತ ಮಲಯಾಳದಲ್ಲಿ ಕೇಳಿದ. ನೀರಿನ ಬೆಳಕು ಅಂದೆ. ಹಾಗಾದರೆ ಇದರ ಮೇಲ್ಭಾಗ ಯಾವುದು ತೋರಿಸು ಅಂದ. ತೋರಿಸಿದೆ. ಪ್ರಿಂಟನ್ನು ಗಿರಗಿರ ತಿರುಗಿಸಿ ಮತ್ತೆ ಕೇಳಿದ. ಈ ಸಲ ಬೇರೆ ಕಡೆ ತೋರಿಸಿದೆನಂತೆ! ಹರಿಯುವ ನೀರಿಗೆ ಮೇಲೆ ಯಾವುದು, ಕೆಳಗೆ ಯಾವುದು, ನೀನೇ ಹೇಳು. ಸುಳ್ಳುಗಾರ ಅಂತ ಬೈದು, ಕ್ಯಾಮರಾ ತೆರೆದು, ರೀಲನ್ನು ಉದ್ದಕ್ಕೂ ಬಿಸಿಲಿಗೆ ಎಳೆದುಬಿಟ್ಟ. ಹನ್ನೆರಡೂ ಹೋದವು.

ಪೇಟೆಯ ಅಂಗಡಿಯವನೆಂದು ನನ್ನನ್ನು ಬಿಟ್ಟರು. ಮಾರನ್‌ನನ್ನು ಜೀಪಿಗೆ ಹತ್ತಿಸಿದರು, ಇನ್ನೂ ಬಿಟ್ಟಿಲ್ಲ. ಅವನ ಹೆಂಡತಿ ಕಾಳಿ ನಿನ್ನೆ ಬಂದು ಸ್ಟುಡಿಯೋ ಮೆಟ್ಟಿಲ ಮೇಲೆ ಕುಳಿತಳು. "ಬರೀ ನೀರಿನ ಫೋಟೋಗೆ ಇವ್ನನ್ನ ಯಾಕ್ ಕೂಟಿಕೊಂಡ್ ಪೋದೆ ಅಣ್ಣಾ?" ಅಂದಳು. ಕಿಟಕಿಯಿಂದ ಚಹಾ ಕೊಟ್ಟೆ, ಮುಟ್ಟಲಿಲ್ಲ. ಇವತ್ತೂ ಬಂದು ಕುಳಿತಿದ್ದಾಳೆ. ಪ್ರದರ್ಶನಕ್ಕೆ ಕಳಿಸಲು ಶುಕ್ರವಾರವೇ ಕೊನೆ. ಮದುವೆ ಫೋಟೋ ತೆಗೆದುಕೊಂಡು ಸುಮ್ಮನಿರು ಅಂತ ನೀನಂದಾಗ ಜಗಳಾಡಿದ್ದೆ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು. ಕೈ ಜೋಪಾನ.

ನಿನ್ನ ತಮ್ಮ,
ಮಾದಪ್ಪ

ತಾ.ಕ.: ಒಂದು ಮಾತು ಮುಚ್ಚಿಟ್ಟು ಕಾಗದ ಮುಗಿಸಿದ್ದೆ. ಯಾರು ಯಾರನ್ನು ಕಾಡಿಗೆ ಕರೆತಂದದ್ದು ಅಂತ ಇನ್ಸ್‌ಪೆಕ್ಟರ್ ಕೇಳಿದಾಗ, ಹೆದರಿ, ಇವನೇ ಕರೆದ ಅಂದುಬಿಟ್ಟೆ. ಮಾರನ್ ನನ್ನ ಮುಖ ನೋಡಿದ. ನಿಜ ಬರೆದುಕೊಡಲು ಠಾಣೆಗೆ ಹೊರಟಿದ್ದೇನೆ. ನನ್ನನ್ನೂ ಒಳಗೆ ಕೂರಿಸಿದರೆ ಭಾವನನ್ನು ಕಳಿಸು, ನೀನು ಬರಬೇಡ. ಈಗಷ್ಟೇ ಬಾಗಿಲು ತೆಗೆದು ಕಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ನಂಗೆ ಹೇಳಿ ಏನ್ ಬಂತು? ಅವ್ರ ಹತ್ರ ಹೇಳು. ನಡಿ, ಬಸ್ ಪೋಗ್ತದೆ," ಅಂದು ಎದ್ದು ನಿಂತಿದ್ದಾಳೆ.