ಪುಟ್ಟಿ ತಂದ ಫಿಲ್ಟರ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ನಾನು ಚೆನ್ನಾಗಿದ್ದೇನೆ; ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಬೋಟಿನ ಎಂಜಿನ್ ಕೆಲಸ ಮತ್ತೆ ಹಿಡಿದೆಯಲ್ಲ, ಒಳ್ಳೆಯದಾಯಿತು. ಆದರೆ "ಯಾವ ಆಯಿಲ್ ಫಿಲ್ಟರ್ ಹಾಕ್ಲಿ, ನೀನೇ ಹೇಳಪ್ಪ" ಎಂದು ಬರೆದಿದ್ದೀಯ. ನನ್ನ ಜೊತೆ ಗ್ರೀಸು ಮೆತ್ತಿಕೊಂಡು ಬೆಳೆದವಳಿಗೆ ಅದು ಗೊತ್ತಿಲ್ಲವೇ? ಯಾಕೆ ಕೇಳಿದೆ ಅಂತ ನನಗೆ ಗೊತ್ತು.

ಇರಲಿ. ಬಿಡಿಭಾಗದ ಅಂಗಡಿಗೆ ಹೋಗಿದ್ದೆ. "ಯಜಮಾನ್ರೇ, ಲಾರಿ ಫಿಲ್ಟರಿಂದೂ ಇದೇ ಥ್ರೆಡ್ಡು, ಇದೇ ಅಗಲ. ಕಣ್ಮುಚ್ಚಿ ತಿರುಗಿಸಿ, ಕೂತ್ಕೊಳ್ಳುತ್ತೆ" ಅಂದ ಅಂಗಡಿಯವ. "ನಿನ್ನ ಚಪ್ಪಲೀನೂ ನನ್ನ ಕಾಲಿಗೆ ಕೂತ್ಕೊಳ್ಳುತ್ತಪ್ಪ, ಹಾಕ್ಕೊಂಡು ಹೋಗ್ಲಾ?" ಅಂದೆ. ಅಪಿಯರೆನ್ಸ್ ಈಸ್ ಡಿಸೆಪ್ಟಿವ್ ಅಂತಲೋ ಡಿಫೆಕ್ಟಿವ್ ಅಂತಲೋ ಕಾಲೇಜಿನಲ್ಲಿ ಓದಿದ ನೆನಪು. ಹೊರಗೆ ಎಲ್ಲ ಒಂದೇ. ಒಳಗಿನ ವಾಲ್ವ್ ಬೇರೆ. ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿಯದಂತೆ ಅದು ತಡೆಯಬೇಕು, ಇಲ್ಲದಿದ್ದರೆ ಮತ್ತೆ ಶುರುವಾದಾಗ ಬೇರಿಂಗ್ ಒಣಗಿ ಉಜ್ಜುತ್ತದೆ. ಫಿಲ್ಟರಿನ ಹೊರಡಬ್ಬಿ ಉಪ್ಪುಗಾಳಿ ತಡೆಯುವಂಥದ್ದಿರಬೇಕು. ಎಂಜಿನ್ ಪುಸ್ತಕದಲ್ಲಿರುವ ನಂಬರನ್ನೇ ತರಿಸು. ಬೋಟಿನ ಮಾಲೀಕ ಗೊಣಗಿದರೆ ಗೊಣಗಲಿ. ನಡುನೀರಿನಲ್ಲಿ ಇರುವವಳು ನೀನು, ಅವನಲ್ಲ.

ಇಲ್ಲಿ ಹೊಸದೇನಿಲ್ಲ. ಅಮ್ಮನ ಕೋಣೆಯ ಕಿಟಕಿ ಉಬ್ಬಿಕೊಂಡು ತೆರೆಯುವುದಿಲ್ಲ. ನಾನೂ ಬಲವಂತ ಮಾಡಿಲ್ಲ. ಪಕ್ಕದ ಮನೆಯ ಟೀಚರ್ "ಮಗಳು ಬರಲ್ವಾ?" ಅಂತ ಕೇಳಿದರೆ "ಕೆಲಸ" ಅನ್ನುತ್ತೇನೆ. ಅಮ್ಮ ಹೋದ ಮೇಲೆ ನೀನು ಈ ಹೊಸ್ತಿಲು ತುಳಿದಿಲ್ಲ.

ಕೊನೆಗೆ 'ಯುವರ್ಸ್ ಒಬೀಡಿಯಂಟ್ಲಿ' ಎಂದು ಬರೆಯಲು ಕಲಿಸಿದ್ದರು. ಅದು ಮಗಳಿಗೋ ಮೇಲಧಿಕಾರಿಗೋ, ಮರೆತಿದೆ. ಹೊರಟ ದಡಕ್ಕೆ ಹೋದ ಹಾಗೇ ಮರಳಿ ಬಾ, ಅದೇ ನನ್ನ ಆಶೀರ್ವಾದ.

ನಿನ್ನ ಅಪ್ಪ

ವಿ.ಸೂ.: ಕಾಗದ ತಡವಾದದ್ದು ಇದಕ್ಕೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮ ಬೋಟಿನ ಎಂಜಿನ್ ನಡುನೀರಿನಲ್ಲಿ ನಿಂತಿತಲ್ಲ, ಆಗ ಅದರಲ್ಲಿದ್ದ, ನೀನೇ ತಂದು ಹಾಕಿದ್ದ ಫಿಲ್ಟರನ್ನು ಎತ್ತಿಟ್ಟಿದ್ದೆ. "ತಪ್ಪು ಫಿಲ್ಟರ್ ತಂದು ನಾನೇ ಅಮ್ಮನ್ನ ಕೊಂದೆ" ಅಂದಿದ್ದೆ ನೀನು. ಅದು ನಿಜವಾಗಿಬಿಟ್ಟರೆ ಎಂದು ಹೆದರಿ ಇಷ್ಟು ದಿನ ಮುಟ್ಟಿರಲಿಲ್ಲ. ಮೊನ್ನೆ ಗರಗಸದಲ್ಲಿ ಕೊಯ್ದು ನೋಡಿದೆ. ರಬ್ಬರ್ ರಿಂಗು ಸರಿಯಿದೆ, ವಾಲ್ವ್ ಸರಿಯಿದೆ. ಒಳಗಿನ ಕಾಗದದ ಮಡಿಕೆಗಳ ತುಂಬ ಬೇರಿಂಗಿನ ಲೋಹದ ಪುಡಿ, ಬಿಸಿಲಿಗೆ ಹಿಡಿದರೆ ಮಿನುಗುತ್ತದೆ. ಎಂಜಿನ್ನೇ ಮೊದಲು ಸವೆದಿತ್ತು. ನೀನು ತಂದದ್ದು ಹಿಡಿಯುವಷ್ಟು ಹಿಡಿದಿತ್ತು ಪುಟ್ಟಿ. ಅದನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟಿದ್ದೇನೆ. ಬಂದು ನೋಡು.