ಹತ್ತನ್ನು ಚಿಕ್ಕದೆಂದ ತೂಬು

ಗೋಯ್ದ ಪಟಗಾರ, ಅಘನಾಶಿನಿ ಅಳಿವೆ
ಜೂನ್ 31, 2219

ನಮ್ಮ ತೂಬುಗಳಿಗೆ ಪ್ರೋಗ್ರಾಮ್ ಬರೆದವರೇ,

2031ರ ಮಳೆಗಾಲದಲ್ಲಿ ನೀವು ಬರೆದ ಒಂದೇ ಸಾಲು ನಮ್ಮ ನಾಲ್ಕು ತಲೆಮಾರಿನ ಬೆನ್ನು ಮುರಿದಿದೆ. ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನು ನಾವು ತಿದ್ದಿಕೊಂಡಿದ್ದೇವೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ಯಂತ್ರದಿಂದ ಕೆಲಸ ಮಾಡಿಸುವ ನಿಮ್ಮ ಇಂಟರ್‌ಪ್ರಿಟರನ್ನು ನಾವು ‘ಓದುಗ’ ಎನ್ನುತ್ತೇವೆ.

ಇಲ್ಲಿ ಸಮುದ್ರ ಈಗ ಹೊಸ್ತಿಲಿಗೆ ಬಂದಿದೆ. ಭರತ, ಅಂದರೆ ಕಡಲಿನ ಉಬ್ಬರ, ಏರಿದಂತೆ ಮನೆಗಳೂ ಕಂಬದ ಮೇಲೆ ಏರುತ್ತವೆ. ಅಡುಗೆ, ಪಾಠ, ಜಗಳ ಎಲ್ಲವೂ ಹಾಗೆಯೇ ನಡೆಯುತ್ತವೆ. ಏರಲಾರದ್ದು ಗದ್ದೆಯೊಂದೇ. ಉಪ್ಪಿಗೆ ಅಂಜದ ಕಗ್ಗ ಭತ್ತವೂ ಎಳೆಯ ಸಸಿಯಲ್ಲಿ ಉಪ್ಪುನೀರು ತಾಳದು. ಭರತಕ್ಕೆ ಮೊದಲು ತೂಬು ಮುಚ್ಚಲೇಬೇಕು.

ನಿಮ್ಮ ಪ್ರೋಗ್ರಾಮ್ ಶುರುವಾಗುವ ಮುನ್ನ ಯಂತ್ರದಲ್ಲಿ ತಕ್ಕ ಓದುಗ ಇದೆಯೇ ಎಂದು ನೋಡುತ್ತದೆ. ಒಂಬತ್ತನೆಯ ಆವೃತ್ತಿ, ಇಲ್ಲವೇ ಅದಕ್ಕಿಂತ ಹೊಸದು ಬೇಕು. ಒಳ್ಳೆಯ ಪದ್ಧತಿ. ಆದರೆ ಅದು ಆವೃತ್ತಿಗಳನ್ನು ಸಂಖ್ಯೆಗಳಾಗಿ ಎಣಿಸಲಿಲ್ಲ, ನಿಘಂಟಿನ ಪದಗಳಂತೆ ಮೊದಲ ಗುರುತು ಹಿಡಿದು ಹೋಲಿಸಿತು. ಹತ್ತರ ಮೊದಲಲ್ಲಿರುವುದು ಒಂದು. ಒಂದು ಒಂಬತ್ತಕ್ಕಿಂತ ಕಡಿಮೆ. ಆದ್ದರಿಂದ ಹತ್ತನೆಯ ಆವೃತ್ತಿ ಹಳೆಯದು! ನನ್ನ ಮುತ್ತಜ್ಜಿಯ ಕಾಲದಲ್ಲಿ ಅದು ಬಂದ ದಿನವೇ ತೂಬು ನಿಂತಿತು. ‘ತಕ್ಕ ಓದುಗ ಇಲ್ಲ’ ಎಂದಷ್ಟೇ ಪರದೆ ಹೇಳಿತು. ಹಿರಿಯರು ಹನ್ನೊಂದನೆಯದನ್ನು ತಂದರು, ಹನ್ನೆರಡನೆಯದನ್ನು ತಂದರು, ಅದೇ ಉತ್ತರ. ತಪ್ಪು ಓದುಗನದೇ ಎಂದು ನಂಬಿದ್ದರಿಂದ ನಿಮ್ಮ ಸಾಲನ್ನು ಯಾರೂ ತೆರೆದು ನೋಡಲಿಲ್ಲ. ತೂಬಿಗೆ ಕಬ್ಬಿಣದ ಚಕ್ರ ಹಾಕಿ ಕೈಯಿಂದಲೇ ತಿರುಗಿಸಿದರು.

ನಿನ್ನೆ ಅಮಾವಾಸ್ಯೆಯ ಭರತಕ್ಕೆ ಮುಂಚೆ ಆ ಚಕ್ರದ ಹಲ್ಲು ಮುರಿಯಿತು. ಕೇರಿಯ ಅಷ್ಟೂ ಸಸಿ ಅಪಾಯದಲ್ಲಿತ್ತು. ಬೇರೆ ದಾರಿ ಕಾಣದೆ ನನ್ನ ತಮ್ಮನ ಮಗಳು ರೇವತಿ ಪ್ರೋಗ್ರಾಮನ್ನೇ ತೆರೆದು ಓದಿದಳು. ಚಕ್ರ ತಿರುಗಿಸಿಯೇ ಸೊಂಟ ಬಾಗಿದ ಬೀರಜ್ಜನಿಗೆ ವಿಷಯ ವಿವರಿಸಿದಳು. ಅವನು ಹೇಳಿದ: “ಇವ್ರ ಹತ್ರ ಮೀನು ತರೂಕೆ ಹೋಗ್ಬೇಕಾಗಿತ್ತು ಮಗಾ. ಒಂಬತ್ತಕ್ಕಿಂತ ಹತ್ತೇ ಅಗ್ಗ.”

ರೇವತಿ ಸಾಲು ತಿದ್ದಿದಳು. ಹಳೆಯ ಮೋಟಾರು ಗೊರಗುಟ್ಟಿತು, ತೂಬು ತಾನಾಗಿ ಇಳಿಯಿತು! ಸಮುದ್ರ ಹೊರಗೇ ನಿಂತಿತು. ಸಸಿ ಬದುಕಿದೆ.

ಈ ಕಾಗದವನ್ನು ಕಾಲದಲ್ಲಿ ಹಿಂದಕ್ಕೆ, ನಿಮ್ಮ ದಿನಗಳಿಗೇ ಕಳಿಸುತ್ತಿದ್ದೇವೆ; ಇದು ತಲುಪುವಾಗ ನೀವು ಬದುಕಿರುತ್ತೀರಿ. ಹೊಸ ಓದುಗ ಬಂದರೆ ಏನಾದೀತೆಂದು ಒಮ್ಮೆಯಾದರೂ ಪರೀಕ್ಷಿಸಿದಿರಾ? ಬೇಕಾದದ್ದು ಯಾವುದು, ಕಂಡದ್ದು ಯಾವುದು ಎಂದು ಪರದೆಯ ಮೇಲೆ ಏಕೆ ಬರೆಯಲಿಲ್ಲ? ನಿಮ್ಮ ಕಾಲದ ಪತ್ರಿಕೆಗಳೆಲ್ಲ ನಮ್ಮ ಗ್ರಂಥಾಲಯದಲ್ಲಿವೆ. ಹೆಸರು ಹಾಕಿ, ಎಲ್ಲರೂ ಓದುವಂತೆ ಅವುಗಳಲ್ಲಿ ಉತ್ತರಿಸಿ. ನಾಳೆ ಬೆಳಿಗ್ಗೆಯೇ ಹೋಗಿ ತೆರೆದು ನೋಡುತ್ತೇನೆ.